ಕಂಪ್ಯೂಟರ್ ಪ್ರಶ್ನೋತ್ತರ: ಫೈರ್‌ವಾಲ್ ಡಿಸ್ಕಿನ ಜಾಗ ಎಲ್ಲಿ ಹೋಯಿತು?

ಹಳೆಯ ಡೆಸ್ಕ್‌ಟಾಪನ್ನೋ ಮಿನಿ ಪಿಸಿಯನ್ನೋ ಮನೆಯ ಫೈರ್‌ವಾಲ್ (ಇಂಟರ್‌ನೆಟ್ ಸಂಪರ್ಕವನ್ನು ಕಾಯುವ ಯಂತ್ರ) ಮಾಡಿಕೊಂಡವರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಡಿಸ್ಕ್ ತುಂಬಿದ್ದರ ಬಗ್ಗೆಯೇ. ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್, ಓಪನ್‌ಡಬ್ಲ್ಯುಆರ್‌ಟಿ ಎಂಬವು ಇಂಥ ಯಂತ್ರವನ್ನು ನಡೆಸುವ ತಂತ್ರಾಂಶಗಳು; ಯುಎಫ್‌ಎಸ್, ಝಡ್‌ಎಫ್‌ಎಸ್ ಎಂಬವು ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಎರಡು ಬಗೆಯ ಫೈಲ್ ಸಿಸ್ಟಮ್‌ಗಳು. ಕಮಾಂಡುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇವೆ. ಟೈಪಿಸುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪಿಗೆ 120 ಜಿಬಿ ಎಸ್‌ಎಸ್‌ಡಿ ಹಾಕಿ ಪಿಎಫ್‌ಸೆನ್ಸ್ ನಡೆಸುತ್ತಿದ್ದೇನೆ. ಫೈಲ್ ಸಿಸ್ಟಮ್ ಯುಎಫ್‌ಎಸ್. ಡಿಸ್ಕ್ 97% ತುಂಬಿದೆ ಎಂದು ಡ್ಯಾಶ್‌ಬೋರ್ಡ್ ತೋರಿಸುತ್ತದೆ. ಸುರಿಕಾಟಾದ (ದಾಳಿ ಪತ್ತೆಮಾಡುವ ಪ್ಯಾಕೇಜ್) ದೊಡ್ಡ ಲಾಗ್ ಫೈಲನ್ನು ಅಳಿಸಿದೆ. ಒಂದು ಜಿಬಿಯೂ ವಾಪಸ್ ಬರಲಿಲ್ಲ. ಎಲ್ಲ ಫೋಲ್ಡರುಗಳನ್ನು ಕೂಡಿಸಿದರೂ 9 ಜಿಬಿ ದಾಟುವುದಿಲ್ಲ.
— ಓದುಗರು, ವಿನೋಬನಗರ, ಶಿವಮೊಗ್ಗ

ಉತ್ತರ: ನೀವು ಅಳಿಸಿದ ಫೈಲೇ ಇನ್ನೂ ಆ ಜಾಗವನ್ನು ಹಿಡಿದುಕೊಂಡಿದೆ. ಪಿಎಫ್‌ಸೆನ್ಸ್‌ನ ತಳದಲ್ಲಿರುವುದು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್. ಅಲ್ಲಿ ಅಳಿಸುವ ಕಮಾಂಡ್ ‘ಆರ್‌ಎಂ’ ಕೊಟ್ಟಾಗ ಹೋಗುವುದು ಫೋಲ್ಡರಿನಲ್ಲಿದ್ದ ಹೆಸರು ಮಾತ್ರ. ಯಾವುದಾದರೂ ಪ್ರೋಗ್ರಾಮ್ ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೆ, ಅದು ಮುಚ್ಚುವ ತನಕ ಬ್ಲಾಕುಗಳು (ಡಿಸ್ಕಿನ ಜಾಗದ ತುಣುಕುಗಳು) ಖಾಲಿಯಾಗುವುದಿಲ್ಲ. ಪಹಣಿಯಿಂದ ಹೆಸರು ತೆಗೆದರೂ ಗದ್ದೆಯಲ್ಲಿ ಉಳುಮೆ ನಡೆದೇ ಇದ್ದ ಹಾಗೆ, ಸುರಿಕಾಟಾ ಹೆಸರಿಲ್ಲದ ಆ ಫೈಲಿಗೆ ಈಗಲೂ ಬರೆಯುತ್ತಲೇ ಇರುತ್ತದೆ. ಹಾಗಾಗಿ ಫೈಲ್ ಅಳಿಸಿದ ಮೇಲೂ ಡಿಸ್ಕ್ ತುಂಬುವುದು ನಿಲ್ಲುವುದಿಲ್ಲ.

‘ಸ್ಟೇಟಸ್’ ಮೆನುವಿನ ‘ಸರ್ವಿಸಸ್’ಗೆ ಹೋಗಿ ಸುರಿಕಾಟಾವನ್ನು ರೀಸ್ಟಾರ್ಟ್ ಮಾಡಿ. ವ್ಯಾನ್ (ಇಂಟರ್‌ನೆಟ್ ಬದಿ), ಲ್ಯಾನ್ (ಮನೆಯ ಬದಿ) ಎರಡಕ್ಕೂ ಹಾಕಿಕೊಂಡಿದ್ದರೆ ಪ್ರತಿ ಇಂಟರ್‌ಫೇಸಿಗೂ ಬೇರೆ ಬೇರೆ ಪ್ರೋಸೆಸ್ ಓಡುತ್ತಿರುತ್ತದೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಬಿಟ್ಟರೆ ಅರ್ಧ ಜಾಗ ಮಾತ್ರ ಬಂದೀತು. ಫೈಲನ್ನು ಯಾರು ಹಿಡಿದಿದ್ದಾರೆ ಎಂದು ತಿಳಿಯದಿದ್ದರೆ ಕನ್ಸೋಲಿನ (ಯಂತ್ರಕ್ಕೆ ನೇರ ಜೋಡಿಸಿದ ಪರದೆಯಲ್ಲಿ ಬರುವ ಮೆನು) 5ನೇ ಆಯ್ಕೆಯಿಂದ ಒಮ್ಮೆ ರೀಬೂಟ್ ಮಾಡುವುದೇ ಸುಲಭ. ಮುಂದೆ ಓಡುತ್ತಿರುವ ಪ್ರೋಗ್ರಾಮಿನ ಲಾಗನ್ನು ಖಾಲಿ ಮಾಡಬೇಕಾದಾಗ ಅಳಿಸಬೇಡಿ. ‘ಟ್ರಂಕೇಟ್ -ಎಸ್ 0’ ಎಂದು ಬರೆದು, ಅದರ ಮುಂದೆ ಫೈಲಿನ ಪೂರ್ತಿ ದಾರಿ ಕೊಡಿ. ಹೆಸರು ಉಳಿಯುತ್ತದೆ, ಗಾತ್ರ ಸೊನ್ನೆಯಾಗುತ್ತದೆ.

ಇಂಥ ತೊಂದರೆ ಬಂದಾಗ ಏನನ್ನೂ ಅಳಿಸುವ ಮೊದಲು ಎರಡು ಲೆಕ್ಕ ತಾಳೆ ನೋಡಬೇಕು. ಕನ್ಸೋಲಿನ 8ನೇ ಆಯ್ಕೆಯಿಂದ ಶೆಲ್‌ಗೆ (ಕಮಾಂಡ್ ಟೈಪಿಸುವ ಜಾಗ) ಹೋಗಿ ‘ಡಿಎಫ್ -ಎಚ್ /’ ಕೊಡಿ. ಎಷ್ಟು ಬ್ಲಾಕು ಬಳಕೆಯಲ್ಲಿದೆ ಎಂದು ಫೈಲ್ ಸಿಸ್ಟಮ್ ಇಟ್ಟುಕೊಂಡ ಲೆಕ್ಕ ಅದು. ಆಮೇಲೆ ‘ಡಿಯು -ಎಕ್ಸ್ -ಎಚ್ -ಡಿ 1 /’ ಕೊಡಿ. ಇದು ಹೆಸರಿರುವ ಫೈಲುಗಳನ್ನು ಒಂದೊಂದಾಗಿ ಹುಡುಕಿ ಕೂಡಿಸಿದ ಲೆಕ್ಕ; ‘-ಎಕ್ಸ್’ ಇದ್ದರೆ ಬೇರೆ ಫೈಲ್ ಸಿಸ್ಟಮಿಗೆ ದಾಟುವುದಿಲ್ಲ. ಎರಡೂ ಸರಿಸುಮಾರು ಹೊಂದಿದರೆ ದೊಡ್ಡ ಫೋಲ್ಡರಿನ ಒಳಗೊಳಗೆ ಇಳಿಯುತ್ತ ಹೋಗಿ: ಮೊದಲು ‘/ವರ್’, ಆಮೇಲೆ ‘/ವರ್/ಲಾಗ್’, ‘/ವರ್/ಡಿಬಿ’. ಕಳ್ಳ ಅಲ್ಲೇ ಸಿಗುತ್ತಾನೆ. ಲೆಕ್ಕಗಳ ನಡುವೆ ಹತ್ತಾರು ಜಿಬಿ ವ್ಯತ್ಯಾಸ ಬಂದರೆ ಫೋಲ್ಡರುಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ಅಳಿಸಿಯೂ ತೆರೆದೇ ಇರುವ ಫೈಲು, ಅದೇ ಫೋಲ್ಡರಿಗೆ ಇನ್ನೊಂದು ಡಿಸ್ಕನ್ನು ಜೋಡಿಸಿದ್ದರಿಂದ (ಮೌಂಟ್) ಅದರ ಕೆಳಗೆ ಮುಚ್ಚಿಹೋದ ಫೈಲು, ಇಲ್ಲವೇ ಫೈಲ್ ಸಿಸ್ಟಮಿಗೆ ಆದ ಹಾನಿ, ಈ ಮೂರರಲ್ಲಿ ಒಂದು ಇರುತ್ತದೆ.

120 ಜಿಬಿಯಲ್ಲಿ ಕೆಲವಷ್ಟು ಮೊದಲ ದಿನದಿಂದಲೇ ಕಾಣುವುದಿಲ್ಲ, ಅದಕ್ಕೆ ಗಾಬರಿ ಬೇಡ. ತಯಾರಕರ ಜಿಬಿ ಎಂದರೆ ನೂರು ಕೋಟಿ ಬೈಟು. ‘ಡಿಎಫ್ -ಎಚ್’ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಅದು ಸುಮಾರು 111.8 ಆಗುತ್ತದೆ. ಅದರಲ್ಲಿ ಸ್ವಾಪ್ ಭಾಗ (ಮೆಮೊರಿ ಸಾಲದಾದಾಗ ಬಳಸುವ ಜಾಗ) ಕಳೆಯಿರಿ. ಉಳಿದದ್ದರಲ್ಲಿ ಯುಎಫ್‌ಎಸ್ 8% ಅನ್ನು ಮೀಸಲಿಡುತ್ತದೆ. ಆ ಮೀಸಲನ್ನು ರೂಟ್ ಬಳಕೆದಾರ (ಯಂತ್ರದ ಪೂರ್ಣ ಅಧಿಕಾರವುಳ್ಳ ಖಾತೆ) ಮಾತ್ರ ಮುಟ್ಟಬಹುದು. ಮುಟ್ಟಿದಾಗ ಉಳಿದ ಜಾಗ ತೋರುವ ‘ಅವೇಲ್’ ಅಂಕಿ ಸೊನ್ನೆಗಿಂತ ಕೆಳಗಿಳಿದು, ಬಳಕೆ 100% ದಾಟಿ 108ರ ಆಸುಪಾಸು ಕಾಣಿಸುತ್ತದೆ. ಈ ಮೀಸಲನ್ನು ಕಡಿಮೆ ಮಾಡಿ ಜಾಗ ಗಳಿಸಲು ಹೋಗಬೇಡಿ. ಯುಎಫ್‌ಎಸ್ ಬ್ಲಾಕುಗಳನ್ನು ಚದುರದಂತೆ ಜೋಡಿಸುವುದು ಆ ಖಾಲಿ ಜಾಗ ಇರುವುದರಿಂದಲೇ.

ಇನ್ನು ಮೂಲ ಕಾರಣ. ಪಿಎಫ್‌ಸೆನ್ಸ್‌ನ ಸ್ವಂತ ಲಾಗುಗಳು ಡಿಸ್ಕ್ ತುಂಬಿಸುವುದು ಅಪರೂಪ. ಪ್ರತಿ ಲಾಗೂ 500 ಕೆಬಿ ಆದೊಡನೆ ಸುತ್ತಿ, ಹಳೆಯ 7 ಪ್ರತಿ ಉಳಿಸುವಂತೆ ಅವನ್ನು ಮೊದಲೇ ಹೊಂದಿಸಿರುತ್ತಾರೆ. ಎಲ್ಲ ಸೇರಿ ಕೆಲವು ಹತ್ತು ಎಂಬಿ. ಜಾಗ ತಿನ್ನುವುದು ನಾವೇ ಹಾಕಿಕೊಂಡ ಪ್ಯಾಕೇಜುಗಳು. ಸುರಿಕಾಟಾದ ಈವ್ ಜೇಸನ್ ಲಾಗಿನಲ್ಲಿ ಎಚ್‌ಟಿಟಿಪಿ, ಡಿಎನ್‌ಎಸ್, ಟಿಎಲ್‌ಎಸ್, ಫ್ಲೋ ಎಲ್ಲಕ್ಕೂ ಟಿಕ್ ಹಾಕಿದರೆ ಮನೆಯ ಫೋನು, ಟಿವಿಗಳ ಪ್ರತಿ ಸಂಪರ್ಕಕ್ಕೂ ಸಾಲು ಬರೆಯಲಾಗುತ್ತದೆ. ಮನೆಗೆ ‘ಅಲರ್ಟ್’ ಒಂದಿದ್ದರೆ ಸಾಕು. ಪ್ಯಾಕೆಟ್ ಲಾಗನ್ನು ತನಿಖೆಯ ಹೊತ್ತಿನಲ್ಲಿ ಬಿಟ್ಟರೆ ಆನ್ ಮಾಡಬೇಡಿ. ಸುರಿಕಾಟಾದ ‘ಲಾಗ್ಸ್ ಮ್ಯಾನೇಜ್‌ಮೆಂಟ್’ ಪುಟದಲ್ಲಿ ಲಾಗ್ ಫೋಲ್ಡರಿನ ಗಾತ್ರಕ್ಕೆ ಮಿತಿ ಹಾಕಬಹುದು. ನಿಮ್ಮ ಡಿಸ್ಕಿಗೆ 2 ಜಿಬಿ ಧಾರಾಳ. ಸ್ಕ್ವಿಡ್ ಕ್ಯಾಶ್ (ನೋಡಿದ ಜಾಲಪುಟಗಳ ಪ್ರತಿ ಉಳಿಸಿಡುವ ಪ್ಯಾಕೇಜ್) ಇಟ್ಟುಕೊಂಡಿದ್ದರೆ ತೆಗೆದುಬಿಡಿ. ಈಗ ಬಹುಪಾಲು ಜಾಲತಾಣಗಳು ಎಚ್‌ಟಿಟಿಪಿಎಸ್‌ನಲ್ಲಿವೆ, ಅವುಗಳಲ್ಲಿ ಅದಕ್ಕೆ ಹಿಡಿದಿಡಲು ಏನೂ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಹೋಂಸ್ಟೇಯ ಮಿನಿ ಪಿಸಿಯಲ್ಲಿ ಓಪಿಎನ್‌ಸೆನ್ಸ್ ಇದೆ, 64 ಜಿಬಿ, ಝಡ್‌ಎಫ್‌ಎಸ್. ‘ಡಿಎಫ್’ನಲ್ಲಿ ಬಳಕೆ ಅಷ್ಟೇ ಇದ್ದರೂ ರೂಟಿನ (‘/’ ಎಂಬ ಮೂಲ ಫೋಲ್ಡರ್) ಒಟ್ಟು ಗಾತ್ರವೇ ತಿಂಗಳು ತಿಂಗಳಿಗೆ ಕುಗ್ಗುತ್ತಿದೆ. ಹಳೆಯ ಲಾಗು, ಪ್ಯಾಕೇಜು ಅಳಿಸಿದರೂ ಏರುತ್ತಿಲ್ಲ. ಡಿಸ್ಕ್ ಸಾಯುತ್ತಿದೆಯೇ?
— ಓದುಗರು, ತೀರ್ಥಹಳ್ಳಿ

ಉತ್ತರ: ನೀವು ಹೇಳಿದ ಲಕ್ಷಣ ಡಿಸ್ಕ್ ಕೆಟ್ಟದ್ದರದ್ದಲ್ಲ. ಝಡ್‌ಎಫ್‌ಎಸ್‌ನಲ್ಲಿ ಒಂದೇ ಪೂಲ್ (ಒಟ್ಟು ಜಾಗ), ಅದರೊಳಗೆ ಆ ಜಾಗವನ್ನು ಹಂಚಿಕೊಳ್ಳುವ ಹಲವು ಭಾಗ, ಅಂದರೆ ಡೇಟಾಸೆಟ್. ಪ್ರತಿಯೊಂದಕ್ಕೂ ‘ಡಿಎಫ್’ ತೋರಿಸುವ ಗಾತ್ರವೆಂದರೆ ಆ ಡೇಟಾಸೆಟ್ಟಿನ ಬಳಕೆ ಮತ್ತು ಪೂಲಿನಲ್ಲಿ ಉಳಿದ ಖಾಲಿ ಜಾಗದ ಮೊತ್ತ. ಲಾಗ್ ಡೇಟಾಸೆಟ್ ಬೆಳೆದರೆ ಖಾಲಿ ಜಾಗ ಕಡಿಮೆಯಾಗುತ್ತದೆ, ರೂಟ್ ತಾನೇ ಕುಗ್ಗಿದಂತೆ ಕಾಣುತ್ತದೆ. ಆದ್ದರಿಂದ ಝಡ್‌ಎಫ್‌ಎಸ್‌ನಲ್ಲಿ ‘ಡಿಎಫ್’ ಬಿಟ್ಟು ‘ಝಡ್‌ಎಫ್‌ಎಸ್ ಲಿಸ್ಟ್ -ಒ ಸ್ಪೇಸ್’ ನೋಡಿ. ‘ಯೂಸ್ಡ್‌ಡಿಎಸ್’ ಎಂಬ ಕಾಲಂ ಈಗಿರುವ ಫೈಲುಗಳದ್ದು, ‘ಯೂಸ್ಡ್‌ಸ್ನ್ಯಾಪ್’ ಸ್ನ್ಯಾಪ್‌ಶಾಟುಗಳದ್ದು (ಒಂದು ಕ್ಷಣದಲ್ಲಿದ್ದ ಸ್ಥಿತಿಯನ್ನು ಹಿಡಿದಿಟ್ಟ ಪ್ರತಿಗಳು).

ಅಳಿಸಿದರೂ ಜಾಗ ಬಾರದಿದ್ದರೆ ಬಹುಮಟ್ಟಿಗೆ ಎರಡನೇ ಕಾಲಮ್ಮಿನಲ್ಲೇ ದೊಡ್ಡ ಅಂಕಿ ಇರುತ್ತದೆ. ಅಪ್‌ಡೇಟಿಗೆ ಮೊದಲು ತೆಗೆದುಕೊಂಡ ಸ್ನ್ಯಾಪ್‌ಶಾಟ್ ಆ ದಿನದ ಬ್ಲಾಕುಗಳನ್ನೆಲ್ಲ ಹಿಡಿದಿಟ್ಟಿರುತ್ತದೆ. ನೀವು ಇಂದು ಫೈಲ್ ಅಳಿಸಿದರೆ ಆ ಗಾತ್ರ ‘ಯೂಸ್ಡ್‌ಡಿಎಸ್’ನಿಂದ ‘ಯೂಸ್ಡ್‌ಸ್ನ್ಯಾಪ್’ಗೆ ಎತ್ತಂಗಡಿಯಾಗುತ್ತದೆ, ಅಷ್ಟೇ. ‘ಬಿಇಸಿಟಿಎಲ್ ಲಿಸ್ಟ್’ ಕೊಟ್ಟರೆ ಬೂಟ್ ಎನ್ವಿರಾನ್‌ಮೆಂಟುಗಳ (ಬೂಟ್ ಮಾಡಬಹುದಾದ ಸಿಸ್ಟಮಿನ ಪ್ರತಿಗಳು) ಪಟ್ಟಿ ಬರುತ್ತದೆ. ‘ಎನ್’ ಗುರುತು ಇದ್ದದ್ದು ಈಗ ಓಡುತ್ತಿರುವುದು, ‘ಆರ್’ ಇದ್ದದ್ದು ಮುಂದಿನ ಸಲ ಬೂಟ್ ಆಗುವುದು. ಇವೆರಡನ್ನೂ ಮುಟ್ಟಬೇಡಿ. ಹಿಂದಿನ ಒಂದನ್ನು ಆಪತ್ತಿಗೆ ಉಳಿಸಿಕೊಂಡು ಬಾಕಿಯವನ್ನು ‘ಬಿಇಸಿಟಿಎಲ್ ಡೆಸ್ಟ್ರಾಯ್’ ಮತ್ತು ಹೆಸರು ಕೊಟ್ಟು ತೆಗೆಯಿರಿ. ಕೈಯಾರೆ ಮಾಡಿಕೊಂಡ ಸ್ನ್ಯಾಪ್‌ಶಾಟುಗಳು ‘ಝಡ್‌ಎಫ್‌ಎಸ್ ಲಿಸ್ಟ್ -ಟಿ ಸ್ನ್ಯಾಪ್‌ಶಾಟ್’ನಲ್ಲಿ ಕಾಣುತ್ತವೆ. ಅಲ್ಲಿ ಪ್ರತಿಯೊಂದರ ಎದುರು ಇರುವ ಅಂಕಿ ಆ ಒಂದರಲ್ಲಷ್ಟೇ ಇರುವ ಬ್ಲಾಕುಗಳದ್ದು; ಎರಡು ಸ್ನ್ಯಾಪ್‌ಶಾಟುಗಳಲ್ಲಿ ಹಂಚಿಕೆಯಾದದ್ದು ಎರಡರಲ್ಲೂ ತೋರುವುದಿಲ್ಲ. ಹಾಗಾಗಿ ಒಂದನ್ನು ಅಳಿಸಿದಾಗ ಇನ್ನೊಂದರ ಅಂಕಿ ಏರಿದರೆ ಬೆಚ್ಚಬೇಡಿ.

‘ಝಡ್‌ಪೂಲ್ ಲಿಸ್ಟ್’ ತೋರುವ ಖಾಲಿ ಜಾಗ ‘ಝಡ್‌ಎಫ್‌ಎಸ್ ಲಿಸ್ಟ್’ ತೋರುವುದಕ್ಕಿಂತ ಯಾವಾಗಲೂ ಹೆಚ್ಚಿರುತ್ತದೆ. ಪೂಲಿನ ಸುಮಾರು 32ನೇ ಒಂದು ಭಾಗವನ್ನು ಝಡ್‌ಎಫ್‌ಎಸ್ ತನಗಾಗಿ ಇಟ್ಟುಕೊಳ್ಳುತ್ತದೆ. ಲಾಗಿನ ಗಾತ್ರ ‘ಎಲ್‌ಎಸ್’ನಲ್ಲಿ ದೊಡ್ಡದು, ‘ಡಿಯು’ನಲ್ಲಿ ಚಿಕ್ಕದು ಬಂದರೆ ಅದು ಕಂಪ್ರೆಶನ್‌ನ ಫಲ.

ಅತಿಥಿಗಳು ಬಂದುಹೋಗುವ ಮನೆಯಾದ್ದರಿಂದ ಇನ್ನೆರಡು ಕಡೆ ನೋಡಿ. ಓಪಿಎನ್‌ಸೆನ್ಸ್ ಲಾಗುಗಳನ್ನು ದಿನಕ್ಕೊಂದು ಫೈಲಿನಂತೆ ಇಡುತ್ತದೆ. ಎಷ್ಟು ದಿನ ಉಳಿಸಬೇಕೆಂಬುದು ‘ಸಿಸ್ಟಮ್’, ‘ಸೆಟ್ಟಿಂಗ್ಸ್’, ‘ಲಾಗಿಂಗ್’ನಲ್ಲಿದೆ. ರಜೆಯ ವಾರದಲ್ಲಿ ಹತ್ತಿಪ್ಪತ್ತು ಫೋನುಗಳು ಸೇರಿದಾಗ ಫಿಲ್ಟರ್ ಲಾಗ್ ಭಾರಿಯಾಗುತ್ತದೆ. ಬಿಟ್ಟುಕೊಡುವ ನಿಯಮಗಳಿಗೆ ಲಾಗಿಂಗ್ ಆಫ್ ಮಾಡಿ, ತಡೆಯುವ ನಿಯಮಗಳಿಗೆ ಮಾತ್ರ ಉಳಿಸಿ. ಎರಡನೆಯದು ನೆಟ್‌ಫ್ಲೋ, ಅಂದರೆ ಯಾರಿಂದ ಎಲ್ಲಿಗೆ ಎಷ್ಟು ಡೇಟಾ ಹೋಯಿತೆಂಬ ದಾಖಲೆ. ‘/ವರ್/ನೆಟ್‌ಫ್ಲೋ’ ಒಳಗಿನ ವಿಳಾಸವಾರು ದಾಖಲೆ ಕೆಲವು ಜಿಬಿಗೆ ಬೆಳೆಯಬಲ್ಲದು. ಗ್ರಾಫ್ ನೋಡುವ ಅಭ್ಯಾಸವಿಲ್ಲದಿದ್ದರೆ ಅದನ್ನು ನಿಲ್ಲಿಸಿ, ‘ರಿಪೋರ್ಟಿಂಗ್’ನ ‘ಸೆಟ್ಟಿಂಗ್ಸ್’ನಲ್ಲಿ ನೆಟ್‌ಫ್ಲೋ ಡೇಟಾ ರೀಸೆಟ್ ಕೊಡಿ. ಪೂಲ್ 80% ಒಳಗಿದ್ದರೆ ನೆಮ್ಮದಿ. ಪೂರ್ತಿ ತುಂಬಿದ ಮೇಲೆ ಅಳಿಸುವುದಕ್ಕೂ ಝಡ್‌ಎಫ್‌ಎಸ್ ಹೊಸ ಬ್ಲಾಕು ಬರೆಯಬೇಕಾಗಿ, ‘ಆರ್‌ಎಂ’ ಕೂಡ ಜಾಗವಿಲ್ಲ ಎನ್ನಬಹುದು. ಹಾಗಾದರೆ ಮೊದಲು ಹಳೆಯ ಸ್ನ್ಯಾಪ್‌ಶಾಟ್ ಅಳಿಸಿ, ಆಮೇಲೆ ಫೈಲಿಗೆ ಟ್ರಂಕೇಟ್ ಕೊಡಿ.

ಪ್ರಶ್ನೆ: ಎಸ್‌ಎಸ್‌ಡಿ ಬಹುಪಾಲು ಖಾಲಿ. ಆದರೂ ‘/ವರ್’ ತುಂಬಿದೆ ಎಂಬ ಸಂದೇಶ ದಿನಾ ಬರುತ್ತದೆ. ಪಿಎಫ್‌ಸೆನ್ಸ್‌ನಲ್ಲಿ ರ‍್ಯಾಮ್ ಡಿಸ್ಕ್ (ಮೆಮೊರಿಯಲ್ಲೇ ಮಾಡಿದ ತಾತ್ಕಾಲಿಕ ಡಿಸ್ಕ್) ಆನ್ ಮಾಡಿದ್ದೇನೆ.
— ಓದುಗರು, ಸಾಗರ

ಉತ್ತರ: ತುಂಬಿದ್ದು ಆ ರ‍್ಯಾಮ್ ಡಿಸ್ಕೇ. ಗಾತ್ರ ಬದಲಿಸದಿದ್ದರೆ ‘/ಟಿಎಂಪಿ’ಗೆ 40 ಎಂಬಿ, ‘/ವರ್’ಗೆ 60 ಎಂಬಿ ಮಾತ್ರ ಸಿಗುತ್ತದೆ. ಪಿಎಫ್‌ಬ್ಲಾಕರ್ (ಜಾಹೀರಾತು, ಕೆಟ್ಟ ವಿಳಾಸಗಳನ್ನು ತಡೆಯುವ ಪ್ಯಾಕೇಜ್) ಅಥವಾ ಸುರಿಕಾಟಾ ಇರುವ ಯಂತ್ರಕ್ಕೆ ಅದು ಏತಕ್ಕೂ ಸಾಲದು. ರ‍್ಯಾಮ್ ಡಿಸ್ಕಿನ ಉದ್ದೇಶ ಹಳೆಯ ಪೆನ್‌ಡ್ರೈವ್, ಕಾರ್ಡುಗಳ ಸವೆತ ತಪ್ಪಿಸುವುದು. ಎಸ್‌ಎಸ್‌ಡಿ ಇದ್ದಮೇಲೆ ‘ಸಿಸ್ಟಮ್’, ‘ಅಡ್ವಾನ್ಸ್ಡ್’, ‘ಮಿಸಲೇನಿಯಸ್’ನಲ್ಲಿ ಅದನ್ನು ಆಫ್ ಮಾಡಿ ರೀಬೂಟ್ ಮಾಡಿ. ಆಗ ಇನ್ನೊಂದು ಸಂಗತಿ ಕಾಣಬಹುದು: ರ‍್ಯಾಮ್ ಡಿಸ್ಕ್ ಹಾಕುವ ಮೊದಲು ಎಸ್‌ಎಸ್‌ಡಿಯ ‘/ವರ್’ನಲ್ಲಿದ್ದ ಹಳೆಯ ಲಾಗುಗಳು. ಇಷ್ಟು ದಿನ ಅವು ಮೌಂಟಿನ ಕೆಳಗೆ ಮುಚ್ಚಿಹೋಗಿದ್ದವು. ‘ಡಿಎಫ್’ ಲೆಕ್ಕದಲ್ಲಿ ಸೇರಿಯೂ ‘ಡಿಯು’ ಕಣ್ಣಿಗೆ ಬೀಳದ ಫೈಲುಗಳು ಹೀಗೇ ಹುಟ್ಟುತ್ತವೆ. ಜಾಗವಿದ್ದೂ ತುಂಬಿದೆ ಎಂಬ ದೂರು ರ‍್ಯಾಮ್ ಡಿಸ್ಕ್ ಇಲ್ಲದೆಯೂ ಬಂದರೆ ‘ಡಿಎಫ್ -ಐ’ ನೋಡಿ. ಜಾಲದ ದಟ್ಟಣೆ ತೋರುವ ಎನ್‌ಟಾಪ್‌ನಂಥ ಪ್ಯಾಕೇಜುಗಳ ಸಾವಿರಾರು ಚಿಕ್ಕ ಫೈಲುಗಳಿಂದ ಐನೋಡ್ (ಪ್ರತಿ ಫೈಲಿಗೂ ಒಂದರಂತೆ ಬೇಕಾದ ದಾಖಲೆ) ಮುಗಿದಿರಬಹುದು.

ಪ್ರಶ್ನೆ: ಮಳೆಗಾಲದಲ್ಲಿ ದಿನಕ್ಕೆ ಏಳೆಂಟು ಸಲ ಕರೆಂಟ್ ಹೋಗುತ್ತದೆ. ಪ್ರತಿ ಸಲವೂ ಫೈರ್‌ವಾಲಿನಲ್ಲಿ ಒಂದಿಷ್ಟು ಜಾಗ ಮಾಯವಾಗುತ್ತಿದೆ ಅನಿಸುತ್ತದೆ. ಪಿಎಫ್‌ಸೆನ್ಸ್, ಯುಎಫ್‌ಎಸ್.
— ಓದುಗರು, ಹೊಸನಗರ

ಉತ್ತರ: ಅನಿಸಿಕೆ ಸರಿ ಇರಬಹುದು. ಬರೆಯುವ ಹೊತ್ತಿಗೆ ಕರೆಂಟ್ ಹೋದರೆ, ಬಳಕೆಯಲ್ಲಿದೆ ಎಂದು ಗುರುತಾದ ಬ್ಲಾಕು ಯಾವ ಫೈಲಿಗೂ ಸೇರದೆ ಉಳಿದುಬಿಡುತ್ತದೆ. ಕನ್ಸೋಲಿನ 5ನೇ ಆಯ್ಕೆ ಒತ್ತಿದಾಗ ಬರುವ ಪಟ್ಟಿಯಲ್ಲಿ ‘ಎಫ್’ ಎಂದರೆ ಫೈಲ್ ಸಿಸ್ಟಮ್ ತಪಾಸಣೆಯೊಂದಿಗೆ ರೀಬೂಟ್. ಅದಕ್ಕೆ ಬಗ್ಗದಿದ್ದರೆ ಬೂಟ್ ಮೆನುವಿನಿಂದ ಸಿಂಗಲ್ ಯೂಸರ್‌ಗೆ ಹೋಗಿ ‘ಎಫ್‌ಎಸ್‌ಸಿಕೆ -ಎಫ್ -ವೈ /’ ಕೊಡಿ. ‘-ಎಫ್’ ಬಿಟ್ಟರೆ ಜರ್ನಲ್ (ಇತ್ತೀಚಿನ ಬದಲಾವಣೆಗಳ ದಾಖಲೆ) ಮಾತ್ರ ಓದಿ ಮುಗಿಸುವ ಸಂಭವವಿದೆ. ತಿದ್ದುಪಡಿ ಏನೂ ಇಲ್ಲದೆ ಮುಗಿಯುವ ತನಕ ಮತ್ತೆ ಮತ್ತೆ ಓಡಿಸಿ. ಇದಕ್ಕೂ ಮೊದಲು ‘ಬ್ಯಾಕಪ್ ಅಂಡ್ ರಿಸ್ಟೋರ್’ನಿಂದ ಕಾನ್ಫಿಗರೇಶನ್ ಫೈಲನ್ನು ಬೇರೆ ಕಂಪ್ಯೂಟರಿಗೆ ಇಳಿಸಿಕೊಂಡಿರಲೇಬೇಕು.

ಮಲೆನಾಡಿನಲ್ಲಿ ಇದಕ್ಕೆ ನಿಜವಾದ ಪರಿಹಾರ ಎರಡು. ಒಂದು, ಆ ಕಾನ್ಫಿಗರೇಶನ್ ಕೈಯಲ್ಲಿಟ್ಟುಕೊಂಡು ಝಡ್‌ಎಫ್‌ಎಸ್ ಮೇಲೆ ಮರುಸ್ಥಾಪನೆ. ಅದು ಇದ್ದ ಬ್ಲಾಕನ್ನು ತಿದ್ದದೆ ಹೊಸ ಕಡೆ ಬರೆಯುವುದರಿಂದ ಹಠಾತ್ ಕರೆಂಟ್ ಹೋದರೂ ರಚನೆ ಕೆಡುವುದು ತೀರ ಕಡಿಮೆ. ಎರಡು, ಬ್ಯಾಟರಿ. ಮನೆಯಲ್ಲಿ ಇನ್‌ವರ್ಟರ್ ಇದ್ದರೆ ಅದರ ಹಿಂಬದಿಯ ಸ್ವಿಚ್ಚನ್ನು ‘ಯುಪಿಎಸ್’ ಕಡೆಗೆ ಇಡಿ; ಇನ್ನೊಂದು ಸ್ಥಾನದಲ್ಲಿ ಬದಲಾವಣೆ ನಿಧಾನವಾಗಿ ಕಂಪ್ಯೂಟರ್ ಆರಿಹೋಗುತ್ತದೆ. 12 ವೋಲ್ಟಿನ ಮಿನಿ ಪಿಸಿಗೆ ರೌಟರಿನ ಚಿಕ್ಕ ಯುಪಿಎಸ್ ಹಾಕುವುದಾದರೆ ಅಡಾಪ್ಟರಿನ ಮೇಲೆ ಬರೆದ ಆಂಪಿಯರ್ ನೋಡಿ. 12 ವೋಲ್ಟ್ 3 ಆಂಪಿಯರ್ ಎಂದಿದ್ದರೆ 36 ವ್ಯಾಟ್ ಬೇಕು, 2 ಆಂಪಿಯರಿನ ಯುಪಿಎಸ್ ಲೋಡು ಏರಿದಾಗ ಕೈಕೊಡುತ್ತದೆ. ಯುಎಸ್‌ಬಿ ಕೇಬಲ್ ಇರುವ ಯುಪಿಎಸ್ ಆದರೆ ‘ನಟ್’ ಪ್ಯಾಕೇಜ್ ಹಾಕಿ. ಬ್ಯಾಟರಿ ಮುಗಿಯುವ ಮೊದಲೇ ಅದು ಯಂತ್ರವನ್ನು ಕ್ರಮವಾಗಿ ಆರಿಸುತ್ತದೆ.

ಪ್ರಶ್ನೆ: ಹಳೆಯ ಪಿಸಿಗೆ ಓಪನ್‌ಡಬ್ಲ್ಯುಆರ್‌ಟಿ ಹಾಕಿದೆ. 120 ಜಿಬಿ ಡಿಸ್ಕಿನಲ್ಲಿ 100 ಎಂಬಿ ಮಾತ್ರ ಕಾಣುತ್ತಿದೆ!
— ಓದುಗರು, ಭದ್ರಾವತಿ

ಉತ್ತರ: ಪಿಸಿಗೆ ಸಿಗುವ ಅದರ ಇಮೇಜಿನಲ್ಲೇ ರೂಟ್ ಭಾಗ ಸುಮಾರು 100 ಎಂಬಿಯದು. ಡಿಸ್ಕಿಗೆ ಇಮೇಜ್ ಬರೆದಾಗ ಉಳಿದದ್ದು ವಿಭಜನೆಯಾಗದೆ ಹಾಗೇ ಬಿದ್ದಿರುತ್ತದೆ. ರೂಟನ್ನು ಹಿಗ್ಗಿಸುವುದಕ್ಕಿಂತ ‘ಸಿಎಫ್‌ಡಿಸ್ಕ್’ನಿಂದ ಖಾಲಿ ಜಾಗದಲ್ಲಿ ಹೊಸ ಭಾಗ ಮಾಡಿ, ‘ಎಂಕೆಎಫ್‌ಎಸ್.ಇಎಕ್ಸ್‌ಟಿ4 -ಎಂ 1’ ಕೊಟ್ಟು ಫಾರ್ಮ್ಯಾಟ್ ಮಾಡಿ, ‘ಬ್ಲಾಕ್-ಮೌಂಟ್’ ಪ್ಯಾಕೇಜ್ ಮೂಲಕ ‘/ಎಂಎನ್‌ಟಿ/ಡೇಟಾ’ಕ್ಕೆ ಜೋಡಿಸುವುದು ಒಳ್ಳೆಯದು. ‘-ಎಂ 1’ ಇಲ್ಲದಿದ್ದರೆ ಇಎಕ್ಸ್‌ಟಿ4 ಸಹ 5% ಅನ್ನು ರೂಟ್ ಬಳಕೆದಾರನಿಗೆ ಮೀಸಲಿಡುತ್ತದೆ. ಬರೀ ಡೇಟಾ ಇಡುವ ಕಡೆ 1% ಸಾಕು. ಅಪ್‌ಗ್ರೇಡ್ ಮಾಡುವಾಗ ಪಾರ್ಟಿಶನ್ ಪಟ್ಟಿ ಹೊಸದಾಗಿ ಬರೆಯಲ್ಪಟ್ಟು ಈ ಭಾಗ ಅಳಿಯಬಹುದು, ಅದಕ್ಕೆ ಮೊದಲೇ ಒಳಗಿನ ಫೈಲುಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ.