ರೀಫ್ ಟ್ಯಾಂಕಿಗೆ ಮುರಕಲ್ಲು ಆಗತ್ತಾ, ಸಿಮೆಂಟಲ್ಲಿ ನಾವೇ ಕಲ್ಲು ಮಾಡ್ಕೋಬಹುದಾ?

ಉಡುಪಿಯಲ್ಲಿ ಮೂರಡಿ ಟ್ಯಾಂಕ್ ತಂದಿಟ್ಟಿದೀನಿ, ಉಪ್ಪುನೀರು, ಹವಳ ಸಾಕ್ಬೇಕು, ಒಳಗಿನ ಕಲ್ಲಿನ ರಚನೆ ನಾನೇ ಮಾಡ್ತೀನಿ, ಮನೆ ಹತ್ರ ಸಿಗೋ ಮುರಕಲ್ಲು ಆಗತ್ತಾ, ಸಿಮೆಂಟ್ ಆಗತ್ತಾ, ಒಬ್ರು ಹಳೇ ಟ್ಯಾಂಕಿನ ಕಲ್ಲು ಕೊಡ್ತೀನಿ ಅಂತಿದಾರೆ ಕುದಿಸಿ ಹಾಕ್ಲಾ ಅಂತ ಕೇಳಿದೀರಿ. ನಾನು ಬೆಂಗಳೂರಲ್ಲಿ ಸುಮಾರು ಇದೇ ಅಳತೆ ಟ್ಯಾಂಕ್ ಇಟ್ಟು ಏಳು ವರ್ಷ ಆಯ್ತು, ಅಂಟಿಸಿದ ಕಲ್ಲು, ಸಿಮೆಂಟ್ ಕಲ್ಲು ಎರಡೂ ಕೈಯಾರೆ ಮಾಡಿದೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮುರಕಲ್ಲು ಬೇಡ. ಅದರ ತೂತು ನೋಡಿದ್ರೆ ಇದೇ ಸರಿ ಅನ್ಸತ್ತೆ, ಆದ್ರೆ ಆ ಕೆಂಪು ಬಣ್ಣ ಕಬ್ಬಿಣದ್ದು, ನೀರಲ್ಲಿ ಮೆತ್ತಗೆ ಪುಡಿ ಉದುರ್ತಾ ಇರತ್ತೆ. ಗ್ರಾನೈಟ್ ಚೂರಿಂದ ನೀರಿಗೆ ಏನೂ ಆಗಲ್ಲ, ಆದ್ರೆ ಅದು ಭಾರ, ಒಳಗೆ ರಂಧ್ರ ಇಲ್ಲ. ನಮಗೆ ಬೇಕಿರೋದು ರಂಧ್ರಾನೇ, ಯಾಕಂದ್ರೆ ಮೀನಿನ ಗಲೀಜಿಂದ ಬರೋ ಅಮೋನಿಯಾನ ನೈಟ್ರೈಟ್ ಮಾಡಿ ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಕಲ್ಲಿನ ಮೇಲೂ ರಂಧ್ರದಲ್ಲೂ ಮನೆ ಮಾಡತ್ತೆ, ಇನ್ನೂ ಒಳಗೆ ಆಮ್ಲಜನಕ ಸಿಗದ ಜಾಗದಲ್ಲಿ ಇನ್ನೊಂದು ಥರದ ಬ್ಯಾಕ್ಟೀರಿಯಾ ಆ ನೈಟ್ರೇಟನ್ನೂ ಸ್ವಲ್ಪ ಕಮ್ಮಿ ಮಾಡತ್ತೆ. ಅಂದ್ರೆ ಕಲ್ಲೇ ಟ್ಯಾಂಕಿನ ದೊಡ್ಡ ಫಿಲ್ಟರ್. ಸುಣ್ಣದ ಜಾತಿ ಕಲ್ಲೋ ಅಲ್ವೋ ಅಂತ ನೋಡೋಕೆ ನಾಲ್ಕು ಹನಿ ವಿನೆಗರ್ ಹಾಕಿ, ಬುರುಬುರು ಗುಳ್ಳೆ ಎದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ ಅಂತ, ಹವಳ ತನ್ನ ಮೂಳೆ ಕಟ್ಟಿಕೊಳ್ಳೋದೂ ಅದರಿಂದಾನೇ.

ನೀವು ಸಮುದ್ರದ ಪಕ್ಕದಲ್ಲೇ ಇದೀರಿ ಅಂತ ಇದೊಂದು ಹೇಳ್ಬೇಕು. ದಡದಲ್ಲಿ ಸಿಕ್ಕಿದ ಹವಳದ ಚೂರಾಗ್ಲಿ, ನೇತ್ರಾಣಿ ದ್ವೀಪದ ಕಡೆ ಡೈವಿಂಗ್ ಹೋದೋರು ತಂದ್ಕೊಟ್ಟ ಕಲ್ಲಾಗ್ಲಿ ದಯವಿಟ್ಟು ಟ್ಯಾಂಕಿಗೆ ತರಬೇಡಿ. ರೀಫ್ ಕಟ್ಟೋ ಎಲ್ಲಾ ಗಟ್ಟಿ ಹವಳಗಳನ್ನ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲಿಗೆ ಸೇರಿಸಿದಾರೆ, ಹುಲಿ ಇರೋ ಪಟ್ಟಿ ಅದು. ಕಾನೂನು ಬಿಟ್ಟು ಹೇಳೋದಾದ್ರೂ, ಆ ಕಲ್ಲು ಅಲ್ಲಿ ಎಷ್ಟೋ ಜೀವಕ್ಕೆ ಮನೆ, ನಮ್ಮ ಮನೆಯ ಶೋಭೆಗೆ ಅದನ್ನ ಕೀಳೋದು ನಂಗೆ ಸಹಿಸೋಕಾಗಲ್ಲ. ನಮ್ಮಲ್ಲಿ ಕೃತಕ ಕಲ್ಲು ಮಾಡೋದು ಕಲಿಯೋಕೆ ಇದೇ ದೊಡ್ಡ ಕಾರಣ.

ಈಗ ಸಿಮೆಂಟ್. ಖಂಡಿತ ಆಗತ್ತೆ, ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐನವರು ತಮಿಳುನಾಡು ಕರಾವಳಿಯಲ್ಲಿ ಮೀನಿಗೋಸ್ಕರ ಕಾಂಕ್ರೀಟಿನ ಕೃತಕ ರೀಫ್‌ಗಳನ್ನೇ ಸಮುದ್ರಕ್ಕೆ ಇಳಿಸಿದಾರೆ. ಆದ್ರೆ ಸಮುದ್ರ ದೊಡ್ಡದು, ನಿಮ್ದು 190 ಲೀಟರ್, ವ್ಯತ್ಯಾಸ ಅಲ್ಲೇ. ಸಿಮೆಂಟ್ ಗಟ್ಟಿ ಆಗುವಾಗ ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟತ್ತೆ, ಎಲೆ ಅಡಿಕೆಗೆ ಹಚ್ತೀವಲ್ಲ ಅದೇ ಸುಣ್ಣ, ಆ ಸುಣ್ಣದ ನೀರಿನ ಪಿಎಚ್ 12ರ ಹತ್ರ ಇರತ್ತೆ, ಅದು ಟ್ಯಾಂಕಿಗೆ ಬಿಡ್ತಾ ಹೋದ್ರೆ ಪಿಎಚ್ ಏರತ್ತೆ, ಹವಳಕ್ಕೆ ಬೇಕಿರೋದು 8.2 ಆಸುಪಾಸು. ಕಲ್ಲು ಮಾಡೋದು ಒಂದು ಮಧ್ಯಾಹ್ನದ ಕೆಲಸ, ಆ ಸುಣ್ಣ ತೆಗೆಯೋದು ಎರಡು ತಿಂಗಳ ಕೆಲಸ, ಅಷ್ಟು ಕಾಯೋ ಮನಸ್ಸಿದ್ರೆ ಮಾತ್ರ ಕೈ ಹಾಕಿ.

ನಾನು ಮಾಡಿದ್ದು ಹೀಗೆ. ಒಂದು ಡಬ್ಬ ಬಿಳಿ ಸಿಮೆಂಟ್ (ವಾಲ್ ಪುಟ್ಟಿ ಅಲ್ಲ, ವಾಟರ್‌ಪ್ರೂಫ್ ಪುಡಿ ಗಿಡಿ ಏನೂ ಸೇರಿಸಿರಬಾರದು), ಎರಡು ಡಬ್ಬ ಚಿಪ್ಪಿನ ಚೂರು, ಎರಡು ಡಬ್ಬ ಹರಳುಪ್ಪು. ಚಿಪ್ಪಿಗೆ ನಿಮ್ಮ ಕಡೆ ಕೊರತೆನೇ ಇಲ್ಲ, ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡಿದ ದಿನ ಉಳಿಯೋದನ್ನ ಚೆನ್ನಾಗಿ ತೊಳೆದು ಬಿಸಿಲಲ್ಲಿ ವಾರಗಟ್ಟಲೆ ಒಣಗಿಸಿ ಗೋಣಿಚೀಲದಲ್ಲಿ ಹಾಕಿ ಜಜ್ಜಿದ್ರೆ ಮುಗೀತು, ಒಳಗೆ ಮಾಂಸದ ಚೂರು ಮಾತ್ರ ಇರಬಾರದು. ಉಪ್ಪು ಯಾಕೆ ಅಂದ್ರೆ ಆಮೇಲೆ ನೀರಲ್ಲಿ ಕರಗಿ ಹೋಗಿ ಆ ಜಾಗ ರಂಧ್ರ ಆಗತ್ತೆ. ನೀರು ತೀರ ಕಮ್ಮಿ ಹಾಕಿ, ಮುಷ್ಟಿಯಲ್ಲಿ ಹಿಡಿದ್ರೆ ತಂಬಿಟ್ಟಿನ ಉಂಡೆ ಥರ ನಿಲ್ಬೇಕು, ನೀರು ಹೆಚ್ಚಾದ್ರೆ ಉಪ್ಪು ಅಲ್ಲೇ ಕರಗಿ ರಂಧ್ರನೇ ಆಗಲ್ಲ. ಟಬ್ಬಲ್ಲಿ ಒದ್ದೆ ಮರಳು ತುಂಬಿ ಕೈಯಲ್ಲೇ ಗುಂಡಿ ತೋಡಿ ಅದರೊಳಗೆ ಕಲಸಿದ್ದನ್ನ ಸಡಿಲವಾಗಿ ಹಾಕಿ, ಒತ್ತಬೇಡಿ, ಗುಹೆ ಬೇಕಾದ ಕಡೆ ಮರಳಿನ ಗುಡ್ಡೆ ಬಿಡಿ. ರಬ್ಬರ್ ಗ್ಲೌಸ್ ಬೇಕೇ ಬೇಕು, ಹಸಿ ಸಿಮೆಂಟ್ ಚರ್ಮ ಸುಡತ್ತೆ.

ಎರಡು ದಿನ ಬಿಟ್ಟು ತೆಗೆದು ಒಂದು ವಾರ ಗೋಣಿ ಹೊದಿಸಿ ಒದ್ದೆ ಇಡಿ, ಮನೆ ಕಟ್ಟುವಾಗ ಮೇಸ್ತ್ರಿ ಕ್ಯೂರಿಂಗ್ ಮಾಡಿಸ್ತಾರಲ್ಲ ಹಾಗೆ. ಒಣಗಿದ್ರೆ ಗಟ್ಟಿ ಆಯ್ತು ಅಂತ ಅಲ್ಲ, ಸಿಮೆಂಟ್ ನೀರು ಕುಡಿದೇ ಗಟ್ಟಿ ಆಗೋದು. ಆಮೇಲೆ ಡ್ರಮ್ಮಿನ ನೀರಲ್ಲಿ ಮುಳುಗಿಸಿ, ಮೂರು ನಾಲ್ಕು ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸದು ತುಂಬಿಸಿ, ಆರರಿಂದ ಎಂಟು ವಾರ. ನಿಮ್ಮ ಕಡೆ ಮಳೆಗಾಲ ಶುರುವಾದ್ರೆ ಅಂಗಳದಲ್ಲೇ ಬಿಟ್ಬಿಡಿ, ಆ ಮಳೆ ಅರ್ಧ ಕೆಲಸ ಮಾಡತ್ತೆ. ಕೊನೆಗೆ ಒಂದು ಬಕೆಟ್ಟಲ್ಲಿ ಉಪ್ಪುನೀರು ಕಲಸಿ ಪಿಎಚ್ ನೋಡಿ ಕಲ್ಲು ಒಂದು ಇಡೀ ದಿನ ಮುಳುಗಿಸಿಟ್ಟು ಮತ್ತೆ ನೋಡಿ, ಏರಿದ್ರೆ ಇನ್ನೂ ಎರಡು ವಾರ ಡ್ರಮ್ಮಿಗೆ. ವಾರ ಲೆಕ್ಕ ಹಾಕಬೇಡಿ, ಬಕೆಟ್ ಏನು ಹೇಳತ್ತೆ ಅದನ್ನ ನಂಬಿ. ಉಪ್ಪು ಹಾಕಿದ ಸಿಮೆಂಟ್ ಅಷ್ಟೇನೂ ಬಲ ಇರಲ್ಲ, ತೆಳು ಕಮಾನು ಮಾಡಿದ್ರೆ ಮುರಿಯತ್ತೆ, ನಾನು ಅದರಲ್ಲಿ ಬುಡದ ದಪ್ಪ ಕಲ್ಲು ಮಾತ್ರ ಮಾಡ್ತೀನಿ.

ಕಮಾನು, ಮುಂದಕ್ಕೆ ಚಾಚಿರೋ ಹಲಗೆ ಥರದ್ದು ಬೇಕು ಅಂದ್ರೆ ಅಂಗಡಿಯ ಡ್ರೈ ರಾಕ್ (ಅಕ್ವೇರಿಯಂಗೆ ಅಂತ ಮಾರೋ ಒಣ ಕಲ್ಲು) ತಂದು ಅಂಟಿಸೋದೇ ಒಳ್ಳೇದು. ಹಿಂದೆ ಇಷ್ಟು ದೊಡ್ಡ ಟ್ಯಾಂಕಿಗೆ ಎಲ್ಲರೂ 20 ಕೆಜಿಗಿಂತ ಜಾಸ್ತಿ ತುಂಬಿ ಗೋಡೆ ಕಟ್ಟಿದ ಹಾಗೆ ಮಾಡ್ತಿದ್ರು, ನನ್ನ ಪ್ರಕಾರ 12 ಕೆಜಿ ಸಾಕು. ಸುತ್ತಿಗೆಯಲ್ಲಿ ಒಡೆದು, ಎರಡು ಚೂರು ಸರಿಯಾಗಿ ಕೂರೋ ಜಾಗ ಹುಡುಕಿ, ಸಂದಿಗೆ ಅದೇ ಕಲ್ಲಿನ ಪುಡಿ ತುಂಬಿ ಮೇಲಿಂದ ಫೆವಿಕ್ವಿಕ್ ಥರದ ತೆಳು ಸೂಪರ್ ಗ್ಲೂ ಬಿಡಿ, ಕೂಡ್ಲೇ ಕಲ್ಲಾಗತ್ತೆ. ಬಿಸಿ ಆಗತ್ತೆ, ಹೊಗೆ ಬರತ್ತೆ, ಕಣ್ಣಿಗೆ ಕನ್ನಡಕ ಹಾಕಿ ಹೊರಗೆ ಕೂತು ಮಾಡಿ, ಹತ್ತಿ ಬಟ್ಟೆ ಮೇಲೆ ಈ ಅಂಟು ಬಿದ್ರೆ ಸುಡೋವಷ್ಟು ಕಾಯತ್ತೆ, ಹುಷಾರು. ಭಾರ ಬೀಳೋ ಕಡೆ ಡ್ರಿಲ್ ಮಾಡಿ ಅಕ್ರಿಲಿಕ್ ಕಡ್ಡಿ ತೂರಿಸಿ. ಸ್ಟೀಲ್ ಆದ್ರೂ ಉಪ್ಪುನೀರಲ್ಲಿ ತುಕ್ಕು ಹಿಡಿಯತ್ತೆ, ತಾಮ್ರ ಅಂತೂ ಸಿಗಡಿ, ಬಸವನಹುಳು, ಹವಳ ಎಲ್ಲಕ್ಕೂ ವಿಷ.

ಇದನ್ನ ಟ್ಯಾಂಕೊಳಗೆ ಮಾಡಬೇಡಿ. ಟ್ಯಾಂಕಿನ ತಳದ ಅಳತೆಗೆ ರಟ್ಟು ಕತ್ತರಿಸಿ ನೆಲದ ಮೇಲಿಟ್ಟು ಅದರ ಮೇಲೆ ಕಟ್ಟಿ. ಗಾಜಿಂದ ನಾಲ್ಕು ಕಡೆನೂ ಒಂದು ಕೈ ಹೋಗೋವಷ್ಟು ಜಾಗ, ಇಲ್ಲಾಂದ್ರೆ ಪಾಚಿ ಒರೆಸೋಕೇ ಆಗಲ್ಲ, ಎತ್ತರ ಟ್ಯಾಂಕಿನ ಮೂರನೇ ಎರಡು ಭಾಗ ದಾಟಬಾರದು, ಯಾಕಂದ್ರೆ ಇವತ್ತು ಬೆರಳುದ್ದ ಇರೋ ಲೆದರ್ ಕೋರಲ್ (ಒಂದು ಮೆದು ಹವಳ) ಎರಡು ವರ್ಷದಲ್ಲಿ ಊಟದ ತಟ್ಟೆ ಅಗಲ ಆಗತ್ತೆ, ಅದಕ್ಕೂ ಜಾಗ ಬೇಕು ತಾನೇ. ಒಂದೇ ಗುಡ್ಡ ಬೇಡ, ದೊಡ್ಡದೊಂದು ಚಿಕ್ಕದೊಂದು ಎರಡು ದ್ವೀಪ ಮಾಡಿ ಮಧ್ಯೆ ನೀರು ಹರಿಯೋಕೆ ಬಿಡಿ. ಗ್ರೀನ್ ಸ್ಟಾರ್ ಪಾಲಿಪ್ ಥರದ ಹಬ್ಬೋ ಹವಳನ ಚಿಕ್ಕ ದ್ವೀಪದಲ್ಲೇ ಇಡಿ, ದೊಡ್ಡದಕ್ಕೆ ಹತ್ತಿದ್ರೆ ಎಲ್ಲಾ ಮುಚ್ಚಿಬಿಡತ್ತೆ. ಕಟ್ಟಿ ಆದ್ಮೇಲೆ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಜೋರಾಗೇ ಅಲ್ಲಾಡಿಸಿ.

ನನ್ನ ಮೊದಲನೇ ಟ್ಯಾಂಕಲ್ಲಿ ಮರಳು ಹಾಕಿ ಅದರ ಮೇಲೆ ಕಲ್ಲು ಸುಮ್ನೆ ಪೇರಿಸಿದ್ದೆ. ಪಿಸ್ಟಲ್ ಶ್ರಿಂಪ್ ಅನ್ನೋ ಸಿಗಡಿ ರಾತ್ರಿಯೆಲ್ಲ ಬುಡ ತೋಡ್ತಾ ತೋಡ್ತಾ ಒಂದಿನ ಎರಡು ಗಂಟೆಗೆ ಧಡ್ ಅಂತ ಸದ್ದು, ಓಡಿ ಬಂದು ನೋಡಿದ್ರೆ ಮೇಲಿನ ಕಲ್ಲು ಮೂರು ವರ್ಷ ಬೆಳೆಸಿದ ಲೆದರ್ ಮೇಲೆ ಬಿದ್ದಿತ್ತು. ಗಾಜು ಉಳೀತು, ಅದು ಉಳೀಲಿಲ್ಲ. ಅದಕ್ಕೇ ಹೇಳೋದು, ಗಾಜಿನ ತಳದ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಹಾಕ್ತಾರಲ್ಲ ಆ ಪ್ಲಾಸ್ಟಿಕ್ ಜಾಲರಿ ಹಾಸಿ, ಅದರ ಮೇಲೆ ಕಲ್ಲು ನಿಲ್ಲಿಸಿ, ಮರಳು ಆಮೇಲೆ.

ಇನ್ನು ಆ ಹಳೇ ಕಲ್ಲು. ಕುದಿಸಬೇಡಿ, ಯಾವ ಕಾರಣಕ್ಕೂ ಬೇಡ. ಜೋವಾಂತಿಡ್, ಪ್ಯಾಲಿಥೋವಾ ಜಾತಿಯ ಹವಳ ಅದರ ಮೇಲಿದ್ರೆ ಪ್ಯಾಲಿಟಾಕ್ಸಿನ್ ಅನ್ನೋ ವಿಷ ಆವಿ ಜೊತೆ ಮನೆ ತುಂಬತ್ತೆ, ಹೀಗೆ ಕುದಿಸಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಕೇಸುಗಳು ವೈದ್ಯಕೀಯ ಪತ್ರಿಕೆಗಳಲ್ಲೇ ಬಂದಿವೆ. ಅವ್ರ ಟ್ಯಾಂಕಲ್ಲಿ ಏನೇನಿತ್ತು ಕೇಳಿ. ಇನ್ನೂ ನೀರೊಳಗೇ ಇರೋ ಕಲ್ಲಾದ್ರೆ ಅದೇ ನೀರಿನ ಬಕೆಟ್ಟಲ್ಲಿ ಮುಳುಗಿಸಿ ತಂದು ಹಾಗೇ ನಿಮ್ಮ ಟ್ಯಾಂಕಿಗಿಡಿ, ಬ್ಯಾಕ್ಟೀರಿಯಾ ಸಮೇತ ಸಿಗತ್ತೆ. ವರ್ಷಗಟ್ಟಲೆ ಒಣಗಿ ಬಿದ್ದಿದ್ದಾದ್ರೆ, ಅದರ ಮೇಲೆ ಈ ಹವಳ ಇರಲಿಲ್ಲ ಅಂತ ಅವ್ರು ಖಚಿತವಾಗಿ ಹೇಳಿದ್ರೆ ಮಾತ್ರ ತಗೊಳ್ಳಿ, ಆರ್‌ಒ ನೀರಲ್ಲಿ ಎರಡು ವಾರ ನೆನೆಸಿ ಪಾಚಿ ಬೆಳೆಸೋ ಫಾಸ್ಫೇಟ್ ಇದೆಯಾ ಅಂತ ಟೆಸ್ಟ್ ಮಾಡಿ, ತುಂಬಾ ಬಿಡ್ತಿದ್ರೆ ನೀರು ಬದಲಾಯಿಸ್ತಾ ಹೋಗಿ. ಅವ್ರಿಗೇ ನೆನಪಿಲ್ಲ ಅಂದ್ರೆ ಥ್ಯಾಂಕ್ಸ್ ಹೇಳಿ ಅಲ್ಲೇ ಬಿಟ್ಟು ಬನ್ನಿ.