ಫುಟ್‌ಪಾತ್‌ನಲ್ಲಿ ಎಡವಿ ಬಿದ್ದರೆ ಪರಿಹಾರ ಕೇಳಬಹುದೇ?

ಪ್ರಶ್ನೆ: ಮೂರು ವಾರದ ಹಿಂದೆ ನಮ್ಮ ತಾಯಿ ಫುಟ್‌ಪಾತ್‌ನಲ್ಲಿ ಮೇಲೆದ್ದಿದ್ದ ಚಪ್ಪಡಿಗೆ ಎಡವಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿದಿದೆ. ಸ್ಥಳೀಯ ಆಡಳಿತದ ಕಚೇರಿಯಲ್ಲಿ ಹೇಳಿದರೆ, "ನೋಡಿಕೊಂಡು ನಡೆಯಬೇಕಿತ್ತು" ಎಂದು ಕಳಿಸಿಬಿಟ್ಟರು. ಪರಿಹಾರ ಕೇಳಲು ದಾರಿ ಇದೆಯೇ?

ಉತ್ತರ: ಇದೆ. ಆ ಮಾತು ಕೇಳಿ ಸುಮ್ನೆ ಕೂರಬೇಡಿ. ತಾಯಿಯವರದೂ ಸ್ವಲ್ಪ ತಪ್ಪಿತ್ತು ಅಂತ ಕೋರ್ಟು ಹೇಳಿದರೂ, ಬಹಳಷ್ಟು ಕಡೆ ಪರಿಹಾರದ ಮೊತ್ತ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಕೈತಪ್ಪುವುದಿಲ್ಲ.

ನನಗೆ ಚಿಂತೆಯಾಗಿರುವುದು ಆ ಮೂರು ವಾರದ ಬಗ್ಗೆ. ಮಾಮೂಲಿ ಮೊಕದ್ದಮೆಗೆ ವರ್ಷಗಟ್ಟಲೆ ಸಮಯ ಇರುತ್ತದೆ, ಆದರೆ ಸರ್ಕಾರಿ ಸಂಸ್ಥೆಯ ಮೇಲೆ ಹೋಗುವಾಗ ಎಷ್ಟೋ ಕಡೆ ಮೊದಲು ಲಿಖಿತ ನೋಟಿಸ್ ಕೊಡಬೇಕು, ಅದರ ಗಡುವು ತುಂಬಾ ಚಿಕ್ಕದು. ಕೆನಡಾದ ಒಂಟಾರಿಯೊದಲ್ಲಿ ಬರೀ 10 ದಿನ, ತಡವಾದರೆ ಸರಿಯಾದ ಕಾರಣ ಹೇಳಬೇಕು. ನ್ಯೂಯಾರ್ಕ್‌ನಲ್ಲಿ 90 ದಿನ, ಕ್ಯಾಲಿಫೋರ್ನಿಯಾದಲ್ಲಿ 6 ತಿಂಗಳು. ಇಂಗ್ಲೆಂಡ್‌ನಲ್ಲಿ ದಾವೆ ಹೂಡಲು 3 ವರ್ಷ ಸಿಗುತ್ತದೆ. ನಿಮ್ಮಲ್ಲಿ ಎಷ್ಟು ಅಂತ ಇವತ್ತೇ ಒಬ್ಬ ವಕೀಲರನ್ನು ಕೇಳಿ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಜಾಗದ ಫೋಟೋ ತೆಗೆದಿದ್ದೀರಾ? ಇಲ್ಲದಿದ್ದರೆ ಈಗಲೇ ಹೋಗಿ. ದೂರು ಹೋದ ಮೇಲೆ ರಿಪೇರಿ ಆಗಿಬಿಟ್ಟರೆ ಸಾಕ್ಷಿಯೇ ಉಳಿಯುವುದಿಲ್ಲ, ಅಲ್ವಾ? ಚಪ್ಪಡಿ ಪಕ್ಕ ಸ್ಕೇಲ್ ಇಟ್ಟು ಹತ್ತಿರದಿಂದ ಒಂದು, ಸುತ್ತಲಿನ ಗುರುತು ಕಾಣುವಂತೆ ದೂರದಿಂದ ಒಂದು ತೆಗೆಯಿರಿ. ಎಷ್ಟು ಎತ್ತರ ಎದ್ದಿತ್ತು ಅನ್ನೋದರ ಮೇಲೆ ಜಾಸ್ತಿ ವಾದ ನಡೆಯುತ್ತದೆ, ತೀರಾ ಸಣ್ಣ ಏರುಪೇರಾದರೆ ಕೋರ್ಟು ಒಪ್ಪದೇ ಇರಬಹುದು.

ಇನ್ನೊಂದು ದೊಡ್ಡ ವಾದ, "ನಮಗೆ ಗೊತ್ತೇ ಇರಲಿಲ್ಲ" ಅನ್ನೋದು. ನ್ಯೂಯಾರ್ಕ್ ನಗರದಲ್ಲಂತೂ ಆ ದೋಷದ ಬಗ್ಗೆ ಮೊದಲೇ ಲಿಖಿತವಾಗಿ ತಿಳಿಸಿರದಿದ್ದರೆ ನಗರಾಡಳಿತದ ಮೇಲಿನ ಕೇಸು ನಿಲ್ಲುವುದೇ ಕಷ್ಟ. ಇಂಗ್ಲೆಂಡ್‌ನ 1980ರ ಹೆದ್ದಾರಿ ಕಾಯ್ದೆಯಲ್ಲಿ, ತಕ್ಕ ಮಟ್ಟಿಗೆ ತಪಾಸಣೆ, ನಿರ್ವಹಣೆ ಮಾಡಿದ್ದೆವು ಎಂದು ತೋರಿಸಿದರೆ ಆಡಳಿತ ಪಾರಾಗುತ್ತದೆ. ಹಾಗಾಗಿ ಅಕ್ಕಪಕ್ಕದವರು ಹಿಂದೆ ಕೊಟ್ಟ ದೂರಿನ ಪ್ರತಿ ಹುಡುಕಿ, ತಪಾಸಣೆಯ ದಾಖಲೆ ಕೇಳಿ. ಫುಟ್‌ಪಾತ್ ಯಾರ ಹೊಣೆ ಅಂತಲೂ ಖಚಿತ ಮಾಡಿಕೊಳ್ಳಿ. ನ್ಯೂಯಾರ್ಕ್ ನಗರದಲ್ಲಿ 2003ರಿಂದ ಬಹುಪಾಲು ಕಟ್ಟಡಗಳ ಮುಂದಿನ ಫುಟ್‌ಪಾತ್ ಮಾಲೀಕರದ್ದೇ ಜವಾಬ್ದಾರಿ.

ಆಸ್ಪತ್ರೆ ಬಿಲ್ಲು, ಎಕ್ಸ್‌ರೇ ಜೊತೆ ಅವತ್ತು ಅಮ್ಮ ಹಾಕಿಕೊಂಡಿದ್ದ ಚಪ್ಪಲಿಯನ್ನೂ ಎತ್ತಿಡಿ. ಚಪ್ಪಲಿ ಸವೆದಿತ್ತು, ಅದಕ್ಕೇ ಜಾರಿದರು ಎಂದು ಅವರು ವಾದಿಸಿದರೆ ಅದು ಬೇಕಾಗುತ್ತದೆ.