ಎಂಟು ತಿಂಗಳಿಂದ ಪ್ರಾರ್ಥಿಸಿದರೂ ಏನೂ ಬದಲಾಗಿಲ್ಲ. ವಿಶ್ವಾಸ ಉಳಿಸಿಕೊಳ್ಳುವುದು ಹೇಗೆ?

ನೀವು ಬರೆದದ್ದನ್ನು ಪೂರ್ತಿ ಓದಿದೆ, ಅಕ್ಕ. ಯಜಮಾನರಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ, ಶ್ರೀನಿವಾಸಪುರದ ಕಡೆಯಿಂದ ವಾರಕ್ಕೆ ಎರಡು ಸಲ ಕೋಲಾರಕ್ಕೆ ಡಯಾಲಿಸಿಸ್‌ಗೆ ಓಡಾಟ. ಟೊಮೆಟೊ ಮಂಡಿಗೆ ಹಾಕಿದರೆ ಕೀಳುವ ಕೂಲಿ, ಗಾಡಿ ಬಾಡಿಗೆಯೂ ಹುಟ್ಟಲಿಲ್ಲ. ಮನೆಕೂಟದಲ್ಲಿ ಒಬ್ಬರು ‘ನಿಮಗೆ ವಿಶ್ವಾಸ ಸಾಲದು’ ಎಂದ ಮೇಲೆ ಚರ್ಚಿಗೆ ಹೋಗುವುದನ್ನೇ ಬಿಟ್ಟಿದ್ದೀರಿ. ಮೊಣಕಾಲೂರಿದರೆ ಬಾಯಿಂದ ಮಾತು ಹೊರಡುವುದಿಲ್ಲ, ದೇವರ ಮೇಲೆ ಕೋಪವೇ ಬರುತ್ತದೆ, ನಾನು ವಿಶ್ವಾಸದಿಂದ ಬಿದ್ದುಹೋದೆನೇ ಎಂದು ಕೇಳಿದ್ದೀರಿ.

ಬಿದ್ದುಹೋಗಿಲ್ಲ. ಆ ಕೋಪವನ್ನು ಆತನಿಗೇ ಹೇಳಿ. ನಂಬದವನು ದೇವರ ಹತ್ತಿರ ಜಗಳಕ್ಕೆ ಹೋಗುವುದಿಲ್ಲ.

ಆ ಕೂಟದ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಅಪೊಸ್ತಲ ಪೌಲನು ತನ್ನ ಶರೀರದ ಶೂಲ ತೊಲಗಲಿ ಎಂದು ಮೂರು ಸಾರಿ ಬೇಡಿಕೊಂಡ, ತೊಲಗಲಿಲ್ಲ. ಅವನಿಗೆ ವಿಶ್ವಾಸ ಸಾಲದು ಎಂದು ಯಾರೂ ಹೇಳಲಾರರು. ಹುಟ್ಟುಕುರುಡನನ್ನು ಕಂಡು ಶಿಷ್ಯರು ‘ಯಾರು ಮಾಡಿದ ಪಾಪ?’ ಎಂದು ಕೇಳಿದಾಗ ಯೇಸು, ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಎಂದ (ಯೋಹಾನ 9). ಯೋಬನ ಸ್ನೇಹಿತರು ಏಳು ದಿನ ಅವನ ಪಕ್ಕದಲ್ಲಿ ಸುಮ್ಮನೆ ಕೂತಿದ್ದಾಗ ಸರಿಯಾಗಿಯೇ ಇದ್ದರು, ಕಾರಣ ಹೇಳಲು ಬಾಯಿ ತೆರೆದಾಗ ತಪ್ಪಿದರು. ಕೊನೆಗೆ ದೇವರು ಕೋಪಿಸಿಕೊಂಡದ್ದು ಅವರ ಮೇಲೆ. ಅವರಿಗಾಗಿ ಪ್ರಾರ್ಥಿಸಬೇಕಾದವನು ನೊಂದ ಯೋಬನೇ ಆದ.

ಇನ್ನು ಪ್ರಾರ್ಥನೆ. ನಿಮ್ಮಂಥ ಸ್ಥಿತಿಯಲ್ಲಿ ಹಳೆಯ ಅರ್ಧ ಗಂಟೆಯ ಪ್ರಾರ್ಥನೆಗೆ ಹಿಂತಿರುಗಲು ಹೋಗಬೇಡಿ. ಮೂರೇ ದಿನಕ್ಕೆ ಅದು ನಿಂತು, ನಿಂತದ್ದಕ್ಕೆ ಇನ್ನೊಂದು ಅಪರಾಧಭಾವ ಸೇರಿಕೊಳ್ಳುತ್ತದೆ. ದಿನಕ್ಕೆ ಐದು ನಿಮಿಷ ಸಾಕು, ಆದರೆ ಹೊತ್ತು ಒಂದೇ ಇರಲಿ. 13ನೇ ಕೀರ್ತನೆ ತೆಗೆಯಿರಿ, ಆರೇ ವಚನ. ಮೊದಲ ಎರಡರಲ್ಲಿ ‘ಎಷ್ಟು ಕಾಲ’ ಎಂದು ನಾಲ್ಕು ಸಲ ಕೇಳುತ್ತದೆ. ಅಲ್ಲಿ ನಿಂತು ನಿಮ್ಮದನ್ನು ಸೇರಿಸಿ: ಕರ್ತನೇ, ಇನ್ನೆಷ್ಟು ದಿನ ಈ ಬಸ್ಸು? ಎರಡೆರಡು ಸೂಜಿ ಚುಚ್ಚಿ ಗಂಟುಗಟ್ಟಿದ ಆ ಕೈಯನ್ನು ಇನ್ನೆಷ್ಟು ದಿನ ನೋಡಲಿ? ಜೋರಾಗಿ ಹೇಳಲಾಗದಿದ್ದರೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೂರು ಮತ್ತು ನಾಲ್ಕನೇ ವಚನ ಬೇಡಿಕೆ. ‘ಎಲ್ಲ ಸರಿಮಾಡು’ ಎನ್ನಬೇಡಿ, ಈ ದಿನದ್ದೊಂದನ್ನು ಕೇಳಿ: ನಾಳೆ ಮಿಷಿನ್ ಮೇಲೆ ಬಿಪಿ ಬೀಳದೆ ನಾಲ್ಕು ಗಂಟೆ ಕಳೆಯಲಿ. ಕೊನೆಯ ಎರಡು ವಚನ ಭರವಸೆಯವು. ಅವು ಬಾಯಿಗೆ ಬರದ ದಿನ ನಾಲ್ಕಕ್ಕೇ ನಿಲ್ಲಿಸಿ ಆಮೆನ್ ಅನ್ನಿ. 88ನೇ ಕೀರ್ತನೆ ಮುಗಿಯುವುದು ಕತ್ತಲಲ್ಲೇ, ಅದೂ ಸತ್ಯವೇದದಲ್ಲೇ ಇದೆ.

ಬಹಳ ಜನ ಎಡವುವುದು ಇಲ್ಲಿಯೇ. ವಾಗ್ದಾನದ ಕಾರ್ಡಿನಲ್ಲಿರುವ ವಚನಗಳನ್ನಷ್ಟೇ ಹೇಳಿಕೊಂಡು ದೂರಿನ ಭಾಗವನ್ನು ಹಾರಿಸಿಬಿಡುತ್ತಾರೆ. ಒಳಗೊಂದು ಬಾಯಲ್ಲೊಂದು ಆದಾಗ ಪ್ರಾರ್ಥನೆ ಒಣಗುತ್ತದೆ.

ಪ್ರವಾದಿ ಎಲೀಯನ ಕಥೆಯನ್ನೂ ಓದಿ, 1 ಅರಸುಗಳು 19. ‘ಸಾಕು, ನನ್ನ ಪ್ರಾಣ ತೆಗೆದುಬಿಡು’ ಎಂದು ಗಿಡದ ಕೆಳಗೆ ಮಲಗಿದವನನ್ನು ದೇವದೂತ ಗದರಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಇನ್ನೊಮ್ಮೆ ಎಬ್ಬಿಸಿ ಊಟ ಕೊಟ್ಟ. ದೇವರು ಅವನ ಜೊತೆ ಮಾತಿಗೆ ಬಂದದ್ದು ಅದಾದ ಮೇಲೆ. ಆದ್ದರಿಂದ ಸದ್ಯಕ್ಕೆ ನಿಮಗೆ ಇಡೀ ರಾತ್ರಿಯ ಪ್ರಾರ್ಥನೆ ಬೇಡ, ಉಪವಾಸವೂ ಬೇಡ. ಡಯಾಲಿಸಿಸ್ ದಿನ ನಿಮಗೆ ಒಂದು ಡಬ್ಬಿ ಊಟ ಕಟ್ಟಿಕೊಂಡು ಹೋಗಿ. ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು ಕೆಟ್ಟಿದ್ದರೆ, ಯಾವುದೂ ಬೇಡವೆನಿಸಿದರೆ ಅದು ವಿಶ್ವಾಸದ ಕೊರತೆಯಲ್ಲ, ಖಿನ್ನತೆಯಿರಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಹೊತ್ತು ನೋಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಒಂದು ವಿಷಯವನ್ನು ಖಂಡಿತವಾಗಿ ಹೇಳುತ್ತೇನೆ. ‘ಸ್ವಸ್ಥತೆ ಆಗಿದೆ, ಡಯಾಲಿಸಿಸ್ ಬಿಡಿ’ ಎಂದು ಯಾರು ಹೇಳಿದರೂ ಒಂದು ಸರದಿಯನ್ನೂ ತಪ್ಪಿಸಬೇಡಿ. ತಪ್ಪಿದರೆ ನೀರು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಗುಣವಾಗಿದ್ದರೆ ರಕ್ತಪರೀಕ್ಷೆಯಲ್ಲಿ ಡಾಕ್ಟರಿಗೆ ಕಾಣುತ್ತದೆ, ಅವರೇ ಸರದಿ ಕಡಿಮೆ ಮಾಡುತ್ತಾರೆ. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯನ್ನೂ ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆಯನ್ನೂ ಕಟ್ಟಿದವರು ಪ್ರಾರ್ಥನೆ ಮಾಡುವ ಜನವೇ. ಅವರಿಗೆ ಔಷಧಿ ಅವಿಶ್ವಾಸ ಎನಿಸಿರಲಿಲ್ಲ. ಹಾಗೆಯೇ, ನೋಡಲು ಬರುವ ಸಭೆಯವರು ಪ್ರೀತಿಯಿಂದ ಎಳನೀರು, ಬಾಳೆಹಣ್ಣು, ಮೂಸಂಬಿ ತರುತ್ತಾರೆ. ಎಲ್ಲದರಲ್ಲೂ ಪೊಟ್ಯಾಸಿಯಂ ಇದೆ, ನೀವು ಬೆಳೆಯುವ ಟೊಮೆಟೊದಲ್ಲೂ ಇದೆ. ಯಾವುದು ಎಷ್ಟು ತಿನ್ನಬಹುದೆಂದು ಡಯಾಲಿಸಿಸ್ ಸಿಸ್ಟರನ್ನು ಕೇಳಿ ಬರೆಸಿಕೊಳ್ಳಿ, ಬಂದವರಿಗೆ ಆ ಚೀಟಿ ತೋರಿಸಿ.

ದುಡ್ಡಿನ ವಿಷಯ ಚಿಕ್ಕದಾಗಿ. ಗುಣವಾಗಲೆಂದು ಸಾಲ ಮಾಡಿ ವಿಶೇಷ ಕಾಣಿಕೆ ಕೊಡಬೇಡಿ. ಇರುವುದಕ್ಕೆ ತಕ್ಕಂತೆ ಕೊಟ್ಟರೆ ಮೆಚ್ಚಿಗೆ, ಇಲ್ಲದ್ದನ್ನು ಕೇಳುವುದಿಲ್ಲ ಎಂದು 2 ಕೊರಿಂಥ 8ರಲ್ಲಿ ಬರೆದಿದೆ.

ಚರ್ಚಿಗೆ ಮಾತ್ರ ಮರಳಿ ಹೋಗಿ. ಕರ್ತನ ಭೋಜನವಿರುವ ಭಾನುವಾರ ಆರಿಸಿಕೊಳ್ಳಿ, ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ, ಹಾಡಲು ಬರದಿದ್ದರೆ ಹಾಡಬೇಡಿ. ಪಾರ್ಶ್ವವಾಯು ಹಿಡಿದವನನ್ನು ನಾಲ್ವರು ಹೊತ್ತು ಸೂರು ತೆಗೆದು ಇಳಿಸಿದಾಗ ಯೇಸು ನೋಡಿದ್ದು ‘ಅವರ’ ವಿಶ್ವಾಸವನ್ನು ಎಂದು ಮಾರ್ಕ 2 ಹೇಳುತ್ತದೆ. ಮಲಗಿದ್ದವನು ಒಂದು ಮಾತೂ ಆಡಿರಲಿಲ್ಲ. ಸದ್ಯಕ್ಕೆ ನಿಮ್ಮ ಸರದಿ ಹೊರಿಸಿಕೊಳ್ಳುವುದು.

ಅದಕ್ಕೆ ಸಭೆಯ ಪಾಸ್ಟರ್ ಅಯ್ಯನವರಿಗೆ ನೀವೇ ಫೋನ್ ಮಾಡಬೇಕು. ಅಸ್ವಸ್ಥನಾದವನೇ ಸಭೆಯ ಹಿರಿಯರನ್ನು ಕರೆಸಲಿ ಎಂದು ಯಾಕೋಬನು ತನ್ನ ಪತ್ರದಲ್ಲಿ ಬರೆದಿದ್ದಾನೆ (ಯಾಕೋಬ 5), ಕರೆಯುವುದರಲ್ಲಿ ಸಂಕೋಚ ಬೇಡ. ಮನೆಗೆ ಬಂದು ಪ್ರಾರ್ಥಿಸಲಿ. ‘ಪ್ರಾರ್ಥನೆ ಸಾಕು ಅಯ್ಯ, ಕಾರಣ ಹೇಳಬೇಡಿ’ ಎಂದು ಮೊದಲೇ ತಿಳಿಸಿ. ಅವರು ಎದ್ದು ಹೊರಡುವಾಗ ಸುಮ್ಮನೆ ಕಳಿಸಬೇಡಿ. ಮುಂದಿನ ಡಯಾಲಿಸಿಸ್‌ಗೆ ಯಜಮಾನರ ಜೊತೆ ಯಾರು ಹೋಗುತ್ತೀರಿ, ಅಂದು ಹಸುವಿಗೆ ಮೇವು ಯಾರು ಹಾಕುತ್ತೀರಿ ಎಂದು ಕೇಳಿ, ಅಲ್ಲೇ ಹೆಸರು ಬರೆದುಕೊಳ್ಳಿ.